ಆರನೇ ನಂಬರಿನ ಮೊಣಕಾಲು

ಆ ಜರ್ಮನ್ ಆಟಗಾರ ನಮ್ಮ ಕ್ಲಬ್ಬಿಗೆ ಬಂದಾಗ ಅವನಿಗೆ ಮೂವತ್ತನಾಲ್ಕು ತುಂಬಿತ್ತು. ಒಮಾನಿನ ಸೀಬ್‌ನಲ್ಲಿ, ವಿಮಾನಗಳು ತೀರ ತಗ್ಗಿನಲ್ಲಿ ಹಾದುಹೋಗುವ ಕಡೆ, ಆ ಸಣ್ಣ ಫುಟ್ಬಾಲ್ ಕ್ಲಬ್ಬಿನ ಫಿಸಿಯೋ ಆಗಿ ನಾನು ಐದು ವರ್ಷ ಕಳೆದಿದ್ದೆ. ಆಟಗಾರರ ಸ್ನಾಯು ತಿಕ್ಕುವುದು, ಪಟ್ಟಿ ಸುತ್ತುವುದು, ಯಾರು ಆಡಬಹುದು, ಯಾರು ಆಡಬಾರದು ಎಂದು ಬರೆದು ಸಹಿ ಹಾಕುವುದು ನನ್ನ ಕೆಲಸ. ಹಾಗೆ ಹಾಕಿದ ಒಂದು ಸಹಿಯ ಬಗ್ಗೆ ಇಷ್ಟು ವರ್ಷ ನಾನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ.

ಅವನು ಮಿಡ್‌ಫೀಲ್ಡರ್. ಬೆನ್ನ ಮೇಲೆ ಆರನೇ ನಂಬರು. ರಕ್ಷಣೆಯವರ ಮುಂದೆ ನಿಂತು ಎದುರಾಳಿಯ ಚೆಂಡು ಕಸಿದುಕೊಂಡು, ತನ್ನವರಿಗೆ ದಾಟಿಸಿ, ಮತ್ತೆ ಅದೇ ಜಾಗಕ್ಕೆ ಓಡಿ ಬಂದು ನಿಲ್ಲುವವನು. “ಗೋಲು ಹೊಡೆದವರ ಫೋಟೋದಲ್ಲಿ ಹಿಂದೆ ಮಸುಕಾಗಿ ಕಾಣ್ತಾನಲ್ಲ, ಅವನೇ ನಾನು” ಎಂದು ಮೊದಲ ದಿನ ಹೇಳಿ ತಾನೇ ನಕ್ಕಿದ್ದ. ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ, ಇಬ್ಬರಿಗೂ ಅದು ಪರಭಾಷೆ. ಅದಕ್ಕೇ ಇರಬೇಕು, ಇಬ್ಬರೂ ಸುತ್ತು ಬಳಸದೆ ಮಾತಾಡುತ್ತಿದ್ದೆವು.

ದಿನಾ ಮಧ್ಯಾಹ್ನ ನನ್ನ ಮೇಜಿನ ಮೇಲೆ ಮಲಗಿ ಚೂರುಚೂರಾಗಿ ತನ್ನ ಕತೆ ಹೇಳಿದ. ಹುಟ್ಟಿದ್ದು ಕಲ್ಲಿದ್ದಲು ಗಣಿ ಮುಚ್ಚಿಹೋದ ಒಂದು ಊರಿನಲ್ಲಿ. ಒಂಬತ್ತನೇ ವಯಸ್ಸಿಗೆ ದೊಡ್ಡ ಕ್ಲಬ್ಬೊಂದರ ತರಬೇತಿ ಶಾಲೆ ಸೇರಿದ. ಅಲ್ಲಿ ಪ್ರತಿ ಬೇಸಿಗೆಗೆ ಕೆಲವರನ್ನು ಮನೆಗೆ ಕಳಿಸಿಬಿಡುತ್ತಿದ್ದರಂತೆ. ರಜೆ ಮುಗಿಸಿ ಬಂದರೆ ಪಕ್ಕದ ಮಂಚ ಖಾಲಿ. ಇವನು ಮಾತ್ರ ಉಳಿಯುತ್ತ ಹೋದ. ಹತ್ತೊಂಬತ್ತಕ್ಕೆ ಅಲ್ಲಿಯ ಮೊದಲ ದರ್ಜೆಯ ಲೀಗಿನಲ್ಲಿ ಬದಲಿ ಆಟಗಾರನಾಗಿ ಇಳಿದು ಹನ್ನೊಂದು ನಿಮಿಷ ಆಡಿದ. ಚೆಂಡು ನಾಲ್ಕು ಸಲ ಕಾಲಿಗೆ ಸಿಕ್ಕಿತು. ಆ ನಾಲ್ಕೂ ಸಲ ಯಾರಿಗೆ ಕೊಟ್ಟೆ ಎಂಬುದು ಅವನಿಗೆ ಈಗಲೂ ನೆನಪಿತ್ತು. ಮತ್ತೆಂದೂ ಆ ದರ್ಜೆ ಸಿಗಲಿಲ್ಲ. ಎರಡನೇ ದರ್ಜೆಯಲ್ಲಿ ಎಂಟು ವರ್ಷ. ನಾಯಕನಾದ ವರ್ಷವೇ ತಂಡ ಸೋತು ಕೆಳಗಿನ ದರ್ಜೆಗೆ ಬಿತ್ತು. ಬಲಮೊಣಕಾಲಿಗೆ ಇಪ್ಪತ್ತನಾಲ್ಕಕ್ಕೆ ಒಂದು ಆಪರೇಷನ್, ಇಪ್ಪತ್ತೊಂಬತ್ತಕ್ಕೆ ಇನ್ನೊಂದು. ಆಮೇಲೆ ಸೈಪ್ರಸ್. ಅಲ್ಲಿಯ ಕ್ಲಬ್ಬಿನವರು ಇವನನ್ನು ಕೈಬಿಟ್ಟಿದ್ದನ್ನು ಫೋನಿನಲ್ಲಿ ತಿಳಿಸಿದರು. ಆಗ ಇವನು ಅಂಗಡಿಯಲ್ಲಿ ಹಾಲಿನ ಡಬ್ಬಿ ಹಿಡಿದು ಸಾಲಿನಲ್ಲಿ ನಿಂತಿದ್ದನಂತೆ.

ಆ ಮೊಣಕಾಲನ್ನು ಮೊದಲ ಸಲ ಮಡಚಿ ನೋಡಿದಾಗಲೇ ನನ್ನ ಅಂಗೈಗೆ ಗೊತ್ತಾಯಿತು. ಒಳಗೆ ಮರಳು ಅರೆದ ಹಾಗೆ ಕರಕರ ಎನ್ನುತ್ತಿತ್ತು. ಸ್ಕ್ಯಾನ್ ಮಾಡಿಸಬೇಕು ಎಂದೆ. ಕ್ಲಬ್ಬಿಗೆ ಹೇಳದೆ ತಾನೇ ಎಲ್ಲೋ ಮಾಡಿಸಿಕೊಂಡು ಬಂದು ಫಿಲ್ಮನ್ನು ನನ್ನ ಕೈಗಿತ್ತ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮೂಳೆಗಳ ನಡುವೆ ಇರಬೇಕಾದ ಮೆತ್ತೆ ಒಳಬದಿಯಲ್ಲಿ ಪೂರ್ತಿ ಸವೆದುಹೋಗಿತ್ತು. ಕೀಲನ್ನು ಹಿಡಿದಿಡುವ ನಾರು ಒಂದೆರಡು ಎಳೆಗಳ ಮೇಲಷ್ಟೇ ನಿಂತಿತ್ತು.

“ನೀನು ಆಡಬಾರದು. ಇದು ಯಾವತ್ತು ಬೇಕಾದರೂ ಹರಿಯುತ್ತೆ” ಎಂದೆ.

“ಬರೆಯಬೇಡ” ಎಂದ.

“ಬರೆಯದೆ ಹೇಗಿರಲಿ?”

“ಒಂದು ಸೀಸನ್ ಸಾಕು. ಕೊನೆಯ ಪಂದ್ಯ ಮುಗಿಸಿ, ನನ್ನ ಕಾಲಲ್ಲೇ ನಡೆದು ಮೈದಾನದಿಂದ ಹೊರಗೆ ಬರಬೇಕು. ಫೋನಿನಲ್ಲಿ ಮುಗಿಯೋದು ಬೇಡ ನನಗೆ.”

ಅವನು ಆಡಬಹುದೇ ಎಂದು ನಾನು ಬರೆದುಕೊಡಬೇಕಿದ್ದ ಕಾಗದ ಎರಡು ದಿನ ನನ್ನ ಡ್ರಾಯರಿನಲ್ಲಿತ್ತು. ಅವನಿಗಾಗಿ ಸಹಿ ಹಾಕಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಮಾತ್ರ ನಿಜ. ಅವನನ್ನು ಕರೆತಂದದ್ದು ನಮ್ಮ ಮ್ಯಾನೇಜರ್, ಒಮಾನಿ, ಒಳ್ಳೆಯ ಮನುಷ್ಯ, ಆದರೆ ಅಡ್ಡಮಾತು ಸಹಿಸದವರು. ನಾನು ಬೇಡ ಎಂದು ಬರೆದರೆ ಅವರ ಆಯ್ಕೆಯೇ ತಪ್ಪು ಎಂದ ಹಾಗೆ. ನನ್ನ ವೀಸಾ ಅವರ ಕೈಯಲ್ಲಿತ್ತು, ಮಗಳು ಇಲ್ಲೇ ಇಂಡಿಯನ್ ಸ್ಕೂಲಿನಲ್ಲಿ ಹತ್ತನೇ ಕ್ಲಾಸು. ಮೂರನೇ ದಿನ “ಆಡಲು ಯೋಗ್ಯ” ಎಂದು ಬರೆದುಕೊಟ್ಟೆ.

ಆಟಗಾರರ ಬಟ್ಟೆ, ಬೂಟು ನೋಡಿಕೊಳ್ಳುತ್ತಿದ್ದವರು ಉಡುಪಿ ಕಡೆಯ ಒಬ್ಬ ಹಿರಿಯರು. ಅವರ ಮನೆಮಾತು ಕೊಂಕಣಿ, ನನ್ನದು ತುಳು. ಮೊದಲ ದಿನ ಕನ್ನಡದಲ್ಲಿ ಶುರುವಾದ ಮಾತು ಹಾಗೇ ಉಳಿದಿತ್ತು. ಒಂದು ಸಂಜೆ ಬೂಟು ಒರೆಸುತ್ತ ಕೇಳಿದರು:

“ಆ ಜರ್ಮನ್‌ನವ ಮೆಟ್ಲು ಇಳಿಯುದು ನೋಡಿದ್ದೀರಾ ನೀವು? ಗೋಡೆ ಹಿಡ್ಕೊಂಡು, ಅಡ್ಡ ತಿರುಗಿ ಇಳೀತಾನೆ.”

“ಸ್ವಲ್ಪ ಬಾವು ಉಂಟು, ಅಷ್ಟೆ.”

“ಅಷ್ಟೆಯಾ? ನಿಮ್ಗೆ ಗೊತ್ತಿಲ್ಲದ್ದು ನಂಗೆಂತ ಗೊತ್ತುಂಟು ಮಾರಾಯ್ರೆ” ಎಂದರು. ಮತ್ತೆ ತಲೆ ಎತ್ತಲಿಲ್ಲ.

ಅವನು ಐದು ಪಂದ್ಯ ಆಡಿದ. ಚೆನ್ನಾಗಿಯೇ ಆಡಿದ. ಓಡಲಾಗದ್ದನ್ನು ನಿಲ್ಲುವ ಜಾಗದಿಂದ ಸರಿದೂಗಿಸುತ್ತಿದ್ದ. ಚೆಂಡು ಬರುವ ಮೊದಲೇ ಅಲ್ಲಿರುತ್ತಿದ್ದ. ಪ್ರತಿ ಪಂದ್ಯದ ಮರುದಿನ ಸಿರಿಂಜಿನಿಂದ ಮೊಣಕಾಲಿನ ನೀರು ತೆಗೆಸಿಕೊಂಡು ಬರುತ್ತಿದ್ದ, ಎಲ್ಲಿ ಎಂದು ನಾನು ಕೇಳುತ್ತಿರಲಿಲ್ಲ.

ಆರನೇ ಪಂದ್ಯ. ಮುಸ್ಸಂಜೆಯ ಮಗ್ರಿಬ್ ನಮಾಜಿನ ಬಿಡುವು ಮುಗಿದು ಎರಡನೇ ಅವಧಿ ಆಗಷ್ಟೇ ಶುರುವಾಗಿತ್ತು. ಹತ್ತಿರ ಯಾರೂ ಇರಲಿಲ್ಲ. ಯಾರೂ ತಳ್ಳಲಿಲ್ಲ, ಅಡ್ಡಗಾಲು ಹಾಕಲಿಲ್ಲ. ಹಿಂದಕ್ಕೆ ತಿರುಗಲು ಬಲಗಾಲೂರಿದ, ಮೈ ತಿರುಗಿತು, ಕಾಲು ತಿರುಗಲಿಲ್ಲ. ನಾನು ಚೀಲ ಹಿಡಿದು ಓಡಿದಾಗ ಪಾದ ಹೊರಕ್ಕೆ ತಿರುಚಿಕೊಂಡಿತ್ತು. ಅವನು ಕೂಗಲಿಲ್ಲ. ಹುಲ್ಲನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡು ಜರ್ಮನ್ ಭಾಷೆಯಲ್ಲಿ ಏನೋ ಎಣಿಸುತ್ತಿದ್ದ. ಸ್ಟ್ರೆಚರಿನ ಮೇಲೆ ಹೊರಗೆ ತಂದೆವು.

ಆಸ್ಪತ್ರೆಯಲ್ಲಿ ಹೊಸ ಸ್ಕ್ಯಾನ್ ನೋಡಿದ ಡಾಕ್ಟರು ಇದು ಇವತ್ತಿನದಲ್ಲ, ವರ್ಷಗಳಿಂದ ಸವೆದದ್ದು ಎಂದು ಮ್ಯಾನೇಜರಿಗೆ ಹೇಳಿದರು. ಮ್ಯಾನೇಜರ್ ಅವನ ಹಾಸಿಗೆಯ ಪಕ್ಕದಲ್ಲೇ ನನ್ನ ಕಡೆ ತಿರುಗಿದರು.

“ನಿನಗೆ ಇದು ಗೊತ್ತಿತ್ತಾ?”

ನಾನು “ಇಲ್ಲ” ಎಂದೆ.

ಆ ಶಬ್ದ ಎಷ್ಟು ಬೇಗ ಬಾಯಿಂದ ಹೊರಟಿತೆಂದರೆ ನನಗೇ ಆಶ್ಚರ್ಯವಾಯಿತು. ಹಾಸಿಗೆಯ ಮೇಲಿದ್ದವನು ಕಣ್ಣು ತೆರೆದು ನನ್ನನ್ನು ನೋಡಿದ. ನಾನು ಗೋಡೆಯ ಮೇಲಿನ ಎ.ಸಿ. ನೋಡುತ್ತ ನಿಂತೆ.

“ಅವನಿಗೆ ಗೊತ್ತಿರಲಿಲ್ಲ. ನಾನೇ ಮುಚ್ಚಿಟ್ಟೆ” ಎಂದು ಅವನು ಮ್ಯಾನೇಜರಿಗೆ ಹೇಳಿದ.

“ಖಲಾಸ್” ಎಂದರು ಮ್ಯಾನೇಜರ್. ಆ ಒಂದು ಪದದಲ್ಲಿ ಅವನ ಕ್ಲಬ್ಬು, ಮನೆ, ಕಾರು ಎಲ್ಲ ಮುಗಿಯಿತು. ನನ್ನ ಕೆಲಸ ಉಳಿಯಿತು.

ಅವನು ಹೊರಡುವ ಹಿಂದಿನ ದಿನ ಅವನ ಫ್ಲಾಟಿಗೆ ಹೋದೆ. ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದ. ಸೂಟ್‌ಕೇಸು ತುಂಬಲು ಬಗ್ಗಲಾಗದೆ ಬಟ್ಟೆಗಳನ್ನು ನೆಲದ ಮೇಲೆಯೇ ಬಿಟ್ಟಿದ್ದ. ನಾನು ಕೂತು ಒಂದೊಂದಾಗಿ ಮಡಚಿ ತುಂಬಿದೆ. ಕ್ಷಮೆ ಕೇಳಬೇಕೆಂದು ಹೋದವನು ಕಾಲುಚೀಲಗಳನ್ನು ಜೋಡಿಸುತ್ತಿದ್ದೆ. ಕೊನೆಗೆ ಬಾಯಿ ಬಿಟ್ಟವನು ಅವನೇ.

“ಜರ್ಮನಿಯಲ್ಲಿ ಮೂವರು ಡಾಕ್ಟರುಗಳನ್ನು ಕೇಳಿದ್ದೆ. ಮೂವರೂ ಸಹಿ ಹಾಕಲಿಲ್ಲ. ನೀನು ಹಾಕಿದೆ. ಆಗ ನಿನ್ನಷ್ಟು ಒಳ್ಳೆಯವನು ಯಾರೂ ಇಲ್ಲ ಅನ್ನಿಸಿತ್ತು.”

ಸೂಟ್‌ಕೇಸಿನ ಜಿಪ್ ಎಳೆದು ಬಾಗಿಲ ಹತ್ತಿರ ಇಟ್ಟು ಬಂದೆ.

ಆ ಸೀಸನ್ ಮುಗಿಯುವವರೆಗೆ ಕ್ಲಬ್ಬಿನಲ್ಲಿದ್ದೆ. ಉಡುಪಿಯ ಹಿರಿಯರು ನನ್ನೊಂದಿಗೆ ಮಾತು ನಿಲ್ಲಿಸಲಿಲ್ಲ, ಆದರೆ ಮೊದಲಿನ ಹಾಗೆ ತಮ್ಮ ಟಿಫಿನ್ ಡಬ್ಬಿ ತೆರೆದು “ಬನ್ನಿ, ಕೂತ್ಕೊಳ್ಳಿ” ಎಂದು ಕರೆಯುವುದನ್ನು ಬಿಟ್ಟರು. ಮಗಳ ಪರೀಕ್ಷೆ ಮುಗಿದ ಮೇಲೆ ಕೆಲಸ ಬಿಟ್ಟು, ಒಮಾನಿನಲ್ಲೇ, ಅಲ್ ಅಮೇರಾತ್‌ನ ಒಂದು ಸಣ್ಣ ಕ್ಲಿನಿಕ್ಕು ಸೇರಿದೆ. ಅಲ್ಲಿಗೆ ಬರುವವರು ಮುದುಕಿಯರು, ಸೊಂಟ ನೋವಿನ ಡ್ರೈವರುಗಳು. ಆಡಲು ಯೋಗ್ಯ ಎಂಬ ಕಾಗದ ಯಾರಿಗೂ ಬೇಕಾಗುವುದಿಲ್ಲ.

ಎರಡು ವರ್ಷದ ಮೇಲೆ ಅವನಿಂದ ಒಂದು ಮೆಸೇಜು ಬಂತು. ಮೊಣಕಾಲು ತೆಗೆದು ಲೋಹದ್ದು ಹಾಕಿದ್ದಾರೆ, ಗೋದಾಮೊಂದರಲ್ಲಿ ಕೂತು ಮಾಡುವ ಕೆಲಸ ಸಿಕ್ಕಿದೆ, ಓಡುವುದು ಇನ್ನಿಲ್ಲ ಎಂದು ಮೂರು ಸಾಲು. ನಾನು ಉದ್ದದ ಉತ್ತರ ಬರೆದೆ. ನನಗೆ ಎಲ್ಲ ಗೊತ್ತಿತ್ತು, ಆಸ್ಪತ್ರೆಯಲ್ಲಿ ಹೆದರಿ ಸುಳ್ಳು ಹೇಳಿದೆ, ನೀನು ನನ್ನನ್ನು ಕಾಪಾಡಬಾರದಿತ್ತು ಎಂದೆಲ್ಲ ಬರೆದೆ. ಅವನು ಅದನ್ನು ಓದಿದ ಗುರುತು ಕಾಣಿಸಿತು. ಉತ್ತರ ಬರಲಿಲ್ಲ.