ಹದಿನೇಳನೇ ಸಾಲಿನ ಗೆಡ್ಡೆ

ಸಸ್ಯಗಳು ಆತ್ಮರಕ್ಷಣೆಗಾಗಿ ತಯಾರಿಸುವ ವಿಷಗಳ ಅಧ್ಯಯನದಲ್ಲಿ ನಮ್ಮ ಸಂಸ್ಥೆಗೆ ಒಂದು ಹೆಸರಿದ್ದರೆ, ಅದನ್ನು ಗಳಿಸಿಕೊಟ್ಟವರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಮೇಡಂ. ಓಡಲಾಗದ, ಕೂಗಲಾಗದ, ಬೇರುಬಿಟ್ಟ ಜಾಗದಲ್ಲೇ ಬಾಳಬೇಕಾದ ಗಿಡವೊಂದು ತನ್ನನ್ನು ಕಡಿಯಬಂದ ಹುಳುವಿಗೆ ಏನು ಉತ್ತರ ಕೊಡುತ್ತದೆ ಎಂಬ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಮೂವತ್ತನಾಲ್ಕು ವರ್ಷ ದುಡಿದವರು ಅವರು. ಈ ಅಭಿನಂದನಾ ಸಂಪುಟದ ಸಂಪಾದಕರು ನನ್ನಿಂದ ನಾಲ್ಕು ಒಳ್ಳೆಯ ಮಾತು ಕೇಳಿದ್ದಾರೆ. ಒಳ್ಳೆಯ ಮಾತುಗಳಿಗೆ ನನ್ನಲ್ಲಿ ಬರವಿಲ್ಲ. ಆದರೆ ಒಂಬತ್ತು ವರ್ಷಗಳಿಂದ ನುಂಗಿಕೊಂಡು ಬಂದಿರುವ ಇನ್ನೊಂದು ಮಾತೂ ಇದೆ. ಅದನ್ನು ಬಿಟ್ಟು ಬರೆದರೆ ನಾನು ಅವರಿಗೆ ಎರಡನೆಯ ಸಲ ಅನ್ಯಾಯ ಮಾಡಿದಂತಾಗುತ್ತದೆ.

ಸಂಶೋಧನಾ ವಿದ್ಯಾರ್ಥಿಯಾಗಿ ನಾನು ಅವರ ಬಳಿ ಸೇರಿದಾಗ ಪ್ರಯೋಗಾಲಯವೆಂದರೆ ನೆಲಮಹಡಿಯ ಎರಡು ಕೋಣೆ, ಕಲ್ಲುಚಪ್ಪಡಿಯ ಮೇಲೊಂದು ತಕ್ಕಡಿ, ಆಮ್ಲ ಬಿದ್ದು ಕಲೆಯಾದ ಒಂದು ಸಿಂಕು. ಮೇಡಂ ಆಗ ಒಂದು ಗೆಡ್ಡೆಯ ಹಿಂದೆ ಬಿದ್ದಿದ್ದರು. ಆ ಗೆಡ್ಡೆ ತನ್ನ ವಿಷದ ಸಾಮಗ್ರಿಯನ್ನು ಒಂದು ಕಡೆ, ಅದನ್ನು ಒಡೆಯುವ ಕಿಣ್ವವನ್ನು ಇನ್ನೊಂದು ಕಡೆ ಬಚ್ಚಿಟ್ಟಿರುತ್ತದೆ. ಹಲ್ಲೋ ಚಾಕುವೋ ತಗುಲಿದಾಗ ಎರಡೂ ಬೆರೆತು ಸೈನೈಡ್ ಅನಿಲ ಹೊರಬರುತ್ತದೆ. ಆದ್ದರಿಂದ ಎಷ್ಟು ವಿಷವಿದೆ ಎಂದು ಅಳೆಯಬೇಕಾದರೆ ಕತ್ತರಿಸಿದ ಚೂರನ್ನು ಕೂಡಲೇ ಆಮ್ಲದೊಳಗೆ ಹಾಕಬೇಕು. ತಡವಾದರೆ ಅನಿಲ ಗಾಳಿಯ ಪಾಲು. ಒಂದು ಗೆಡ್ಡೆ ಕತ್ತರಿಸಿ, ಇಪ್ಪತ್ತು ಎಣಿಸುವುದರೊಳಗೆ ಆಮ್ಲಕ್ಕೆ ಹಾಕಿ, ಆಮೇಲೆಯೇ ಇನ್ನೊಂದನ್ನು ಮುಟ್ಟುವುದು ಅವರ ಪದ್ಧತಿ. ಬಾಯಿಬಿಟ್ಟು ಎಣಿಸುತ್ತಿದ್ದರು, ನಾವೂ ಹಾಗೇ ಎಣಿಸಬೇಕಿತ್ತು. ಹಾಗಾಗಿ ಬೆನ್ನ ಹಿಂದೆ ಅವರು ನಮಗೆ ಎಣಿಕೆ ಮೇಡಂ. ಒಮ್ಮೆ ಪ್ರಯೋಗಾಲಯಕ್ಕೆ ಬಂದಿದ್ದ ಅವರ ಅಕ್ಕ, "ಮನೇಲಿ ಹಾಲು ಕಾಯೋಕಿಟ್ರೂ ಎಣಿಸ್ತಾಳೆ ಕಣ್ರೋ, ಆದ್ರೂ ದಿನಾ ಉಕ್ಕಿಸ್ತಾಳೆ" ಎಂದು ಮಾನ ಕಳೆದಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಡಂ.

ನನ್ನ ತಂದೆ ಮೂರು ವಾರ ಆಸ್ಪತ್ರೆಯಲ್ಲಿದ್ದಾಗ ನನ್ನ ಗಿಡಗಳಿಗೆ ನೀರು ಹಾಕಿ, ದಿನದ ಅಳತೆಗಳನ್ನು ನನ್ನ ಟಿಪ್ಪಣಿ ಪುಸ್ತಕದಲ್ಲಿ ತಾವೇ ಬರೆದಿಟ್ಟವರು ಅವರು. ಹಿಂತಿರುಗಿ ಬಂದವನು ಕೃತಜ್ಞತೆ ಹೇಳಲು ಹೋದರೆ, "ನಿನ್ನ ಗಿಡಗಳು ನಿನ್ನಷ್ಟು ಸೋಮಾರಿ ಅಲ್ಲ, ಚೆನ್ನಾಗಿ ಬೆಳೆದಿವೆ" ಎಂದು ಬಾಯಿ ಮುಚ್ಚಿಸಿದರು. ಪದವಿ ಮುಗಿದ ಮೇಲೆ ಅಲ್ಲೇ ತಾತ್ಕಾಲಿಕ ಕೆಲಸವನ್ನೂ ಕೊಡಿಸಿದರು. ಅಷ್ಟು ನಂಬಿದ್ದರು ನನ್ನನ್ನು.

ಆ ಹೊತ್ತಿಗೆ ವಿಷ ಕಡಿಮೆಯಿರುವ ಗೆಡ್ಡೆಯ ತಳಿಯೊಂದನ್ನು ಹುಡುಕುವ ಕೆಲಸ ಶುರುವಾಗಿತ್ತು. ಗುಡ್ಡದ ಮೇಲಿನ ಊರುಗಳಲ್ಲಿ ಜನ ಈ ಗೆಡ್ಡೆಯನ್ನು ಮೂರು ದಿನ ನೀರಿನಲ್ಲಿ ನೆನೆಹಾಕಿ ವಿಷ ತೆಗೆದು ತಿನ್ನುತ್ತಿದ್ದರು. ನೆನೆಹಾಕುವ ಪಾಡೇ ಇಲ್ಲದ ತಳಿ ಕೊಡಬೇಕೆಂಬುದು ಮೇಡಂ ಆಸೆ. ಸಾಲಿಗೊಂದು ತಳಿಯಂತೆ ನೆಟ್ಟ ಇಪ್ಪತ್ತನಾಲ್ಕು ಸಾಲು ಗಿಡಗಳ ಅಳತೆ ನನ್ನ ಪಾಲಿಗೆ ಬಂತು. ಒಂದೊಂದೇ ಕತ್ತರಿಸುತ್ತ ಕೂತರೆ ದಿನವೆಲ್ಲ ಬೇಕು. ನನಗೋ ಆ ಎಣಿಕೆಯೆಂದರೆ ಮಕ್ಕಳಾಟ ಅನ್ನಿಸತೊಡಗಿತ್ತು. ಎಲ್ಲ ಗೆಡ್ಡೆಗಳನ್ನೂ ಒಟ್ಟಿಗೆ ಕತ್ತರಿಸಿ ತಟ್ಟೆಯಲ್ಲಿ ಹರವಿಟ್ಟು, ಮೊದಲ ಸಾಲಿನಿಂದ ಒಂದೊಂದಾಗಿ ತೂಗಿ ಆಮ್ಲಕ್ಕೆ ಹಾಕುತ್ತ ಹೋದೆ. ನಡುವೆ ಪಕ್ಕದ ಕೋಣೆಯವರು ತಕ್ಕಡಿ ಕೇಳಿದರು, ಕೊಟ್ಟೆ. ಗೆಡ್ಡೆ ಎಲ್ಲಿಗೆ ಓಡಿಹೋಗುತ್ತದೆ ಎಂದುಕೊಂಡೆ. ಎರಡು ಗಂಟೆ ಕಾದ ಸಾಲುಗಳಲ್ಲಿ ಗೆಡ್ಡೆ ಇತ್ತು, ವಿಷ ಹೊರಟುಹೋಗಿತ್ತು. ಕತ್ತರಿಸಿದ ವೇಳೆ, ಆಮ್ಲಕ್ಕೆ ಹಾಕಿದ ವೇಳೆ ಎರಡನ್ನೂ ಅಭ್ಯಾಸಬಲದಿಂದ ಪುಸ್ತಕದಲ್ಲಿ ಬರೆದೆ. ಮುಂದಿನ ಹಂಗಾಮಿನಲ್ಲೂ ಅದನ್ನೇ ಮಾಡಿದೆ. ಹಾಗೆ ಕಾದ ಸಾಲುಗಳಲ್ಲಿ ಎರಡು ಸಲವೂ ಹದಿನೇಳನೆಯದೇ ಎಲ್ಲಕ್ಕಿಂತ ಸುರಕ್ಷಿತ ಎಂದು ಬಂತು. ಮೇಡಂ ಪ್ರತಿ ಪುಟಕ್ಕೂ ಸಹಿ ಹಾಕಿದರು.

ನೆನೆಹಾಕಬೇಕಾಗಿಲ್ಲ ಎಂದು ಹೇಳಿಯೇ ನಾವು ಆ ತಳಿಯನ್ನು ಒಂದು ಊರಿಗೆ ಪ್ರಾಯೋಗಿಕವಾಗಿ ಕೊಟ್ಟೆವು. ಎರಡನೆಯ ವರ್ಷ ಬೇರೆ ಬೆಳೆ ಕೈಕೊಟ್ಟು, ಜನ ತಿಂಗಳುಗಟ್ಟಲೆ ಆ ಗೆಡ್ಡೆಯನ್ನೇ ತಿಂದರು. ಏಳು ಮಂದಿಯ ಕಾಲು ಸೆಟೆದುಕೊಂಡವು. ಅವರಲ್ಲಿ ಐವರು ಮಕ್ಕಳು. ಆ ಕಾಲುಗಳು ಮತ್ತೆ ಸರಿಹೋಗುವುದಿಲ್ಲ ಎಂದು ವೈದ್ಯರು ಹೇಳಿದರು, ಸರಿಹೋಗಲಿಲ್ಲ.

ಸುದ್ದಿ ಬಂದ ದಿನ ಮೇಡಂ ಆ ಊರಿನಿಂದ ಗೆಡ್ಡೆ ತರಿಸಿ ತಾವೇ ಅಳೆದರು. ನಾವು ವರದಿ ಮಾಡಿದ್ದಕ್ಕಿಂತ ಆರು ಪಟ್ಟು ಹೆಚ್ಚು ವಿಷವಿತ್ತು. ಆಮೇಲೆ ನನ್ನ ಪುಸ್ತಕ ತೆಗೆದು, ಎರಡು ವೇಳೆಗಳ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು. ಬಾಯಿಬಿಟ್ಟು ಹೇಳಲು ನನ್ನಿಂದಾಗಲಿಲ್ಲ. ವಿಚಾರಣಾ ಸಮಿತಿಯ ಮುಂದೆ ಅವರು, "ಪ್ರತಿ ಪುಟಕ್ಕೂ ನನ್ನ ಸಹಿ ಇದೆ, ತಪ್ಪು ನನ್ನದು" ಎಂದರು. ಮುಂದೆ ಯಾರೂ ಕೆದಕಲಿಲ್ಲ. ಹೊರಗೆ ಮೆಟ್ಟಿಲ ಹತ್ತಿರ ನಾನು ತೊದಲತೊಡಗಿದಾಗ, "ನಿನ್ನ ಕೆಲಸ ಕಾಯಂ ಆಗೋಕೆ ಇನ್ನು ನಾಲ್ಕು ತಿಂಗಳಿದೆ. ಸುಮ್ನಿರು. ಓದದೆ ಸಹಿ ಹಾಕಿದ್ದು ನಾನೇ ತಾನೆ?" ಎಂದರು. ಸುಮ್ಮನಿದ್ದೆ. ವಿಭಾಗದ ಮುಖ್ಯಸ್ಥೆಯ ಸ್ಥಾನದಿಂದ ಅವರನ್ನು ಇಳಿಸಿದರು. ಸೇವಾ ದಾಖಲೆಯಲ್ಲಿ ಅವರ ಹೆಸರಿನ ಮುಂದೆ ನಿರ್ಲಕ್ಷ್ಯ ಎಂಬ ಪದ ಸೇರಿತು. ಅವರು ಕೂರುತ್ತಿದ್ದ ಕೋಣೆ ಈಗ ನನ್ನದು.

ಅಲ್ಲಿಂದಾಚೆಗೆ ಅವರು ಹೊಸ ತಳಿಯ ಮಾತೆತ್ತಲಿಲ್ಲ. ಮನೆಯಲ್ಲೇ ಗೆಡ್ಡೆಯ ವಿಷ ಪರೀಕ್ಷಿಸಬಹುದಾದ ಒಂದು ಕಾಗದದ ಪಟ್ಟಿಯನ್ನು ಐದು ವರ್ಷ ಕೂತು ತಯಾರಿಸಿದರು. ವಿಷವಿದ್ದರೆ ಅದು ಕಂದುಬಣ್ಣಕ್ಕೆ ತಿರುಗುತ್ತದೆ. ಮೊದಲಿನಿಂದಲೂ ಪ್ರತಿ ತಿಂಗಳು ತಪ್ಪದೆ ಆ ಊರಿಗೆ ಹೋಗುತ್ತಿದ್ದವರು, ಪಟ್ಟಿ ಸಿದ್ಧವಾದ ಮೇಲೆ ಮನೆಮನೆಗೂ ಅದನ್ನು ಹಂಚಿದರು. ಕಾಲು ಸೆಟೆದುಹೋದ ಹುಡುಗಿಯೊಬ್ಬಳ ತಾಯಿ ಅವರನ್ನು ಹೊಸಿಲಾಚೆಯೇ ನಿಲ್ಲಿಸಿ ಬಾಯಿಗೆ ಬಂದಂತೆ ಬೈಯುತ್ತಿದ್ದರಂತೆ. ಬೈಗುಳ ಮುಗಿಯುವ ತನಕ ನಿಂತು, ಪಟ್ಟಿಗಳನ್ನು ಕಟ್ಟೆಯ ಮೇಲಿಟ್ಟು ಬರುತ್ತಿದ್ದರಂತೆ. ಇದನ್ನು ಹೇಳಿದವನು ಸಂಸ್ಥೆಯ ಜೀಪಿನ ಚಾಲಕ. ಅವರ ಜೊತೆ ಒಂದೇ ಒಂದು ಸಲವೂ ಹೋಗದ ನನಗೆ ಬೇರೆ ಹೇಗೆ ಗೊತ್ತಾಗಬೇಕು?

ಇಲ್ಲಿಯವರೆಗೆ ಬರೆದದ್ದನ್ನು ಅಚ್ಚಿಗೆ ಕೊಡುವ ಮುನ್ನ ಮೇಡಂ ಮನೆಗೆ ಹೋಗಿ ಓದಿ ಹೇಳಿದೆ. ಪೂರ್ತಿ ಕೇಳಿ, ಕನ್ನಡಕ ತೆಗೆದಿಟ್ಟು, "ನಂಗ್ಯಾಕಪ್ಪಾ ಓದಿದೆ? ನಂಗಿದೆಲ್ಲ ಗೊತ್ತಿರೋದೇ. ಗೊತ್ತಿಲ್ಲದವರು ಆ ಊರಲ್ಲಿದ್ದಾರೆ, ಅವರಿಗೆ ಓದು" ಎಂದರು.

ಹೋದೆ. ಹುಡುಗಿಗೆ ಈಗ ಹತ್ತೊಂಬತ್ತು; ಎರಡು ಕೋಲೂರಿ ಬಂದು ಬಾಗಿಲಲ್ಲಿ ಕೂತಳು. ತಾಯಿ ಗೋಡೆಗೊರಗಿ ನಿಂತು ಕೇಳಿದರು. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ, ಬಿದ್ದಿದ್ದರೆ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ. "ಒಂಬತ್ತು ವರ್ಷ ಆ ಅಮ್ಮನ್ನ ಒಳಗೆ ಕರೀಲಿಲ್ಲ ನಾನು. ಒಂದ್ಸಲನೂ ತಿರುಗಿ ಮಾತಾಡ್ಲಿಲ್ಲ ಅವರು. ಮಗಳ ಕಾಲು ಹೋಯ್ತು ಸರಿ. ನನ್ನ ಕೈಯಲ್ಲಿ ಈ ಪಾಪ ಯಾಕೆ ಮಾಡಿಸಿದ್ರಿ?" ಎಂದು ಕೇಳಿದರು.

ಈ ಲೇಖನದ ಪ್ರತಿಯನ್ನೂ ಆ ಪುಸ್ತಕವನ್ನೂ ಸಂಸ್ಥೆಗೆ ಒಪ್ಪಿಸಿದ್ದೇನೆ. ಮೇಡಂ ಅವರ ಸೇವಾ ದಾಖಲೆ ತಿದ್ದುವುದು, ನನ್ನನ್ನು ಏನು ಮಾಡುವುದು ಎಂಬುದು ಸಂಸ್ಥೆಗೆ ಬಿಟ್ಟದ್ದು. ಮೇಡಂ ನೂರು ವರ್ಷ ಗಟ್ಟಿಯಾಗಿ ಬಾಳಲಿ, ಅವರ ಕೆಲಸ ಸಾಗುತ್ತಿರಲಿ ಎಂದು ಮನಸಾರೆ ಹಾರೈಸುತ್ತೇನೆ. ಮುಂದಿನ ತಿಂಗಳು ಅವರು ಆ ಊರಿಗೆ ಹೋಗುವುದು ಬೇಡ, ತಾನೇ ಮಗಳನ್ನು ಕರೆದುಕೊಂಡು ಅವರ ಮನೆಗೆ ಬರುತ್ತೇನೆ ಎಂದು ಆ ತಾಯಿ ಹೇಳಿ ಕಳಿಸಿದ್ದಾರೆ.