ಅರ್ಧ ತಾಸು ಹಿಂದಿನ ಹೊಳೆ

ಇವತ್ತು ಅಂಗಡಿಯಲ್ಲಿ ಬೆಸುಗೆ ಹಾಕುವಾಗ ರಾಳ ಸುಟ್ಟ ವಾಸನೆ ಮೂಗಿಗೆ ಅಡರಿತು. ಮಾಸ್ತರರ ನೆನಪಾಗಿ ಕೈ ಹಾಗೇ ನಿಂತುಬಿಟ್ಟಿತು...

ರಾಮದುರ್ಗದಲ್ಲಿ ನನಗೆ ರೇಡಿಯೋದಿಂದ ಹಿಡಿದು ಕಂಪ್ಯೂಟರ್‌ವರೆಗೆ ರಿಪೇರಿ ಕಲಿಸಿದವರು ಅವರು. ನಿವೃತ್ತರಾದ ಮೇಲೆ ಹೊಳೆದಂಡೆಯ ಹೊಲ ನೋಡಿಕೊಂಡಿದ್ದರು. ಮಲಪ್ರಭೆ ಏಕಾಏಕಿ ಏರಿ ಎಲ್ಲರ ಮೋಟಾರುಗಳನ್ನು ಮುಳುಗಿಸುತ್ತಿತ್ತು. ಅದಕ್ಕೇ ಇಬ್ಬರೂ ಸೇರಿ ನೀರಿನ ಮಟ್ಟ ಅಳೆಯುವ ಯಂತ್ರ ಕಟ್ಟಿದೆವು. ಮೇಲೆ ಮುನವಳ್ಳಿ ಕಡೆಯ ದಂಡೆಯಲ್ಲಿ ಒಂದು ಕಂಬ. ಅಲ್ಲಿಂದ ಅರ್ಧ ತಾಸಿಗೊಮ್ಮೆ ನನ್ನ ಅಂಗಡಿಯ ಪರದೆಗೆ ಅಂಕಿ.

ಬಂದ ಅಂಕಿಗಳನ್ನು ಒಂದು ಮೆಮರಿಯಿಂದ ಇನ್ನೊಂದಕ್ಕೆ ಮುಖ್ಯ ಚಿಪ್ಪೇ ಒಂದೊಂದಾಗಿ ಹೊರುತ್ತಿತ್ತು. ಬರೀ ಹೊರುವುದಕ್ಕೆಂದೇ ಬೇರೊಂದು ಭಾಗವಿರುವುದು ಗೊತ್ತಾಗಿ, ಕೆಲಸ ಅದಕ್ಕೆ ಒಪ್ಪಿಸಿದೆ. ಅಬ್ಬಬ್ಬಾ, ಏನು ವೇಗ! ಮಾಸ್ತರರು ಮಾತ್ರ ನಗಲಿಲ್ಲ.

"ಒಪ್ಪಿಸಿದಿ ಅಂದ್ರ ಮುಗೀತು ಅಂತಲ್ಲೋ. ಮುಗೀತು ಅಂತ ಅದು ಹೇಳೂತನಕಾ ಆ ಕಡೆ ಮೆಮರಿ ಓದಬ್ಯಾಡ. ಹಳೇ ಅಂಕಿ ಕುಂತಿರತೈತಿ ಅಲ್ಲೆ."

ಹೂಂ ಎಂದೆ. ಆದರೆ ಪ್ರೋಗ್ರಾಮಿನಲ್ಲಿ ಕಾಯುವ ಆ ಒಂದು ಸಾಲು ಸೇರಿಸಿದರೆ ಪರದೆ ತುಸು ತಡವರಿಸುತ್ತಿತ್ತು. ಅವರಿಗೆ ಹೇಳದೆ ತೆಗೆದುಹಾಕಿದೆ. ಸೊಕ್ಕು, ಮತ್ತೇನು! ಪರೀಕ್ಷಿಸಿದ್ದು ಬೇಸಿಗೆಯಲ್ಲಿ. ನಿಂತ ನೀರಿಗೆ ಹಳೆಯ ಅಂಕಿಯೂ ಹೊಸದೂ ಒಂದೇ. ಯಾರಿಗೂ ಏನೂ ಗೊತ್ತಾಗಲಿಲ್ಲ.

ಆ ಮಳೆಗಾಲದ ಒಂದು ಮಧ್ಯಾಹ್ನ ಮಾಸ್ತರರು ಹೊಲದಿಂದ ಫೋನ್ ಮಾಡಿದರು.

"ಮೋಟಾರ್ ಬಿಚ್ಚಾಕ ಹೊಳಿಗೆ ಇಳಿಯಾವ ಅದೇನಿ. ಮ್ಯಾಲೆ ನೀರು ಏರಾಕ ಹತ್ತೈತೇನು ನೋಡು."

ನೋಡಿದೆ. "ಇಲ್ರೀ ಸರ. ನಾಕ ಅಡಿ, ಮುಂಜಾನಿಯಷ್ಟ ಐತಿ. ಆರಾಮ ಇಳೀರಿ."

ಅರ್ಧ ತಾಸಿನ ಮೇಲೆ ಪರದೆಯಲ್ಲಿ ಹನ್ನೊಂದು ಅಡಿ ಮೂಡಿತು. ಫೋನ್ ಮಾಡಿದೆ, ಮತ್ತೆ ಮಾಡಿದೆ... ಎತ್ತಲಿಲ್ಲ. ಮರುದಿನ ಕೆಳಗಿನ ಊರಿನ ಹತ್ತಿರ ಸಿಕ್ಕರು.

ಆಮೇಲೆ ಯಂತ್ರ ಬಿಚ್ಚಿ ನೋಡಿದೆ. ಅವರು ಕೇಳುವ ಹೊತ್ತಿಗಾಗಲೇ ಹನ್ನೊಂದು ಬಂದಿತ್ತು. ಪರದೆ ಕಾಯದೆ ಅದರ ಹಿಂದಿನ ಅಂಕಿಯನ್ನು ಓದಿತ್ತು, ನಾನು ಅದನ್ನೇ ಹೇಳಿದ್ದೆ. ಈ ಮಾತನ್ನು ಇವತ್ತಿನವರೆಗೆ ಯಾರ ಮುಂದೆಯೂ ಆಡಿಲ್ಲ. ಅಂಥ ಗುರು ನನಗೆ ಮತ್ತೆ ಸಿಗಲಿಲ್ಲ. ಸಿಗುವ ಯೋಗ್ಯತೆಯೂ ನನಗಿಲ್ಲ.

ಇವತ್ತು ಮಧ್ಯಾಹ್ನ ಮಾಸ್ತರರ ಹೆಂಡತಿ ಮಿಕ್ಸಿ ರಿಪೇರಿಗೆ ತಂದಿದ್ದರು. ಮಳೆ ಹಿಡಿದಿತ್ತು, ಕುಳಿತರು.

"ಏರೈತಿ ಅಂತ ನೀ ಹೇಳೇ ಇರತಿ ಬಿಡೋ ತಮ್ಮಾ. ಅವರು ಕೇಳಿರಂಗಿಲ್ಲ. ಮೊದಲಿಂದಾನೂ ಹಟಮಾರಿ. ಹೌದಿಲ್ಲೋ?"

ಮಿಕ್ಸಿಯಿಂದ ತಲೆ ಎತ್ತಲಿಲ್ಲ.

"ಹೌದ್ರೀ ಕಾಕು" ಎಂದೆ.