ತೋಳು ಎತ್ತಲು ಒಂದು ಹಾಡು

ನನ್ನ ತುರುಬನ್ನು ನಾನೇ ಕಟ್ಟಿಕೊಂಡು ತಿಂಗಳುಗಳೇ ಆಗಿದ್ದವು. ಬಲತೋಳು ಕಿವಿಯ ತನಕ ಹೋಗಿ ಅಲ್ಲೇ ಸ್ಟ್ರೈಕ್ ಮಾಡುತ್ತಿತ್ತು. ಡಾಕ್ಟರು ‘ಫ್ರೋಜನ್ ಶೋಲ್ಡರ್’ ಅಂದರು. ದೊಡ್ಡಬಳ್ಳಾಪುರದ ಈ ಬಿಸಿಲಲ್ಲಿ ನನ್ನದೊಂದು ಅಂಗವಾದರೂ ತಂಪಾಗಿದೆಯಲ್ಲ ಅಂತ ನಕ್ಕೆ. ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಸೊಸೆ ಶೋಭಾ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿ ಬಸ್ಸಿಗೆ ಓಡುವ ಮುಂಚೆ ನನ್ನ ಕೂದಲಿಗೆ ರಬ್ಬರ್ ಬ್ಯಾಂಡ್ ಬಿಗಿದು ಹೋಗುತ್ತಿದ್ದಳು. ಪ್ರೀತಿಯಿಂದಲೇ. ಆದರೆ ದಿನವಿಡೀ ಕನ್ನಡಿಯಲ್ಲಿ ನನಗೆ ಎದುರಾಗುತ್ತಿದ್ದವಳು ಒಬ್ಬ ಮುದಿ ಎಲ್‌ಕೆಜಿ ಹುಡುಗಿ.

ತೋಳನ್ನು ಒಲಿಸಲು ಮನೆಗೆ ಬರುವವಳು ಫಿಸಿಯೋಥೆರಪಿಸ್ಟ್ ನಾಗವೇಣಿ. ಅವಳು “ಒನ್, ಟೂ, ತ್ರೀ” ಎನ್ನುತ್ತಾಳೆ, ತೋಳಿಗೆ ಕೇಳಿಸುವುದಿಲ್ಲ. ತಪ್ಪು ಅವಳದಲ್ಲ, ನನ್ನ ಮೈ ಪಳಗಿದ್ದು ಪಿಯಾನೊಗೆ. ಕಾನ್ವೆಂಟಿನಲ್ಲಿ ಸಿಸ್ಟರ್ ಬೆಳಿಗ್ಗೆ ಪಿಯಾನೊ ಮುಂದೆ ಕೂತರೆ, ನಾವು ಬಾಟಲಿಯಂಥ ಮರದ ಕ್ಲಬ್ಬುಗಳನ್ನು ಹಿಡಿದು ತಿರುಗಿಸಬೇಕು. “ಶೋಲ್ಡರ್ಸ್ ಬ್ಯಾಕ್, ಗರ್ಲ್ಸ್!” ಮಾರ್ಚ್ ಟ್ಯೂನಿನಿಂದ ಬೆನ್ನು ನೆಟ್ಟಗಾಗುತ್ತದೆ, ಜೀರ್ಣಶಕ್ತಿ ಹೆಚ್ಚುತ್ತದೆ; ಜೋಡಿ ಕುಣಿತದ ವಾಲ್ಟ್ಸ್ ಕೇಳಿದರೆ ಮೈ ಸಡಿಲ, ಅದರ ಹಿಂದೆಯೇ ನಡತೆಯೂ ಸಡಿಲ. ಇದು ಅವರ ವೈದ್ಯಶಾಸ್ತ್ರ. ಸಿನಿಮಾ ಹಾಡಂತೂ ಟೈಫಾಯ್ಡಿಗೆ ಸಮ. ಈಗ ಶೋಭಾಳಿಂದ ಯೂಟ್ಯೂಬಿನಲ್ಲಿ ಒಂದು ಮಾರ್ಚ್ ಹಾಕಿಸಿಕೊಂಡೆ. ಬೆನ್ನು ನೆಟ್ಟಗಾಯಿತು, ತೋಳು ಕದಲಲಿಲ್ಲ.

ಮದುವೆಯಾಗಿ ಬಂದ ಮನೆಯಲ್ಲಿ ಮಾವನವರು ಗರಡಿಯಲ್ಲಿ ಸಾಮು ಮಾಡಿದವರು. ಹಿತ್ತಿಲ ಗೋಡೆಗೆ ಒರಗಿಸಿದ್ದ ಅವರ ಮರದ ಗದೆ ನೋಡಿ ಬೆರಗಾಗಿದ್ದೆ: ನಮ್ಮ ಕ್ಲಬ್ಬಿನದೇ ಮುಖ, ಮೈ ಮಾತ್ರ ಅದರ ಅಜ್ಜನದು. ಆಮೇಲೆ ಓದಿ ತಿಳಿದೆ. ನಮ್ಮವರು ತಿರುಗಿಸುತ್ತಿದ್ದ ಇಂಥ ಗದೆಗಳನ್ನು ಕಂಡು ಬ್ರಿಟಿಷ್ ಸಿಪಾಯಿಗಳು ಮರುಳಾದರಂತೆ. ಹಡಗು ಹತ್ತಿಹೋದ ಗದೆ ಅವರ ದೇಶದಲ್ಲಿ ಮೈ ಇಳಿಸಿಕೊಂಡು, ಪಿಯಾನೊ ಕೈಹಿಡಿದು, ಕಾನ್ವೆಂಟಿನ ದಾರಿಯಲ್ಲಿ ತವರಿಗೆ ಮರಳಿತು. ಮಾವನವರಿಗೆ ಇದನ್ನು ಹೇಳಿದಾಗ ಅವರ ಚಿಂತೆಯೇ ಬೇರೆ ಇತ್ತು.

“ಅಲ್ಲ ಕಣವ್ವಾ, ಪಿಯಾನೊ ಬಾರ್ಸೋಳು ಕೂತ್ಕಂಡೇ ಇರ್ತಾಳಲ್ಲ, ಅವಳ ಮೈಗೆ ಯಾರು ದಿಕ್ಕು?”

ಅವರ ಪ್ರಕಾರ ಕಸರತ್ತಿಗೆ ಸಂಗೀತವೆಂದರೆ ಉಸಿರು. ಬಸ್ಕಿ ಹೊಡೆಯುವಾಗಿನ ‘ಹುಂ, ಹುಂ’. ಹಾಡಿಗೆ ಕಸರತ್ತು ಮಾಡಿದರೆ ಮೈ ಹಾಡಿನ ಆಳಾಗುತ್ತದೆ ಎನ್ನುತ್ತಿದ್ದರು. ಈಗ ಅದನ್ನೂ ಮಾಡಿ ನೋಡಿದೆ. ನನ್ನ ‘ಹುಂ, ಹುಂ’ ಕೇಳಿ ಪಕ್ಕದ ಮನೆಯವರು ಏನಾಯ್ತೋ ಅಂತ ಓಡಿಬಂದರು.

ಹೋದ ತಿಂಗಳು ನಾಗವೇಣಿಯೇ ಬೇಸತ್ತು ಫೋನು ಒತ್ತಿದಳು. ಗಣೇಶನನ್ನು ಕೆರೆಗೆ ಬಿಡುವಾಗ ಹುಡುಗರು ಕುಣಿಯುತ್ತಾರಲ್ಲ, ಅಂಥ ತಮಟೆ ಏಟಿನ ಹಾಡು.

“ಕೈ ಮೇಲೆ ಆಂಟಿ! ಗಣೇಶನ ಮುಂದೆ ಇದೀನಿ ಅನ್ಕೊಳಿ.”

“ಛೀ, ಈ ವಯಸ್ಸಲ್ಲಿ? ಮಾರ್ಚ್ ಹಾಕಮ್ಮ.”

“ಮಾರ್ಚಿಗೆ ಈ ತೋಳು ಬಗ್ಗಲ್ಲ, ನೋಡಿದ್ದಾಯ್ತಲ್ಲ. ಎತ್ತಿ!”

ನಾಚಿಕೆಯಿಂದ ಕಣ್ಣು ಮುಚ್ಚಿದೆ. ತೋಳು ಕಿವಿ ದಾಟಿತು. ನೋವಾಯಿತು, ನಿಜ. ಆದರೆ ಮುಂದಿನ ಏಟು ಬರುವುದಿತ್ತಲ್ಲ, ನೋವಿಗೆ ನಿಲ್ಲಲು ಪುರುಸೊತ್ತಿರಲಿಲ್ಲ.

ಅಂದಿನಿಂದ ದಿನಾ ಅದೇ ಹಾಡು. ಈ ಬೆಳಿಗ್ಗೆ ಶೋಭಾ ಬಾಚಣಿಗೆ ಹಿಡಿದು ಬರುವಷ್ಟರಲ್ಲಿ ತುರುಬು ಕಟ್ಟಿ ಕೂತಿದ್ದೆ. ಅವಳು ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

“ಅತ್ತೆ, ಚೂರು ವಾರೆಯಾಗಿದೆ. ಸರಿ ಮಾಡ್ಲಾ?”

“ಬೇಡ ಕಣೇ, ನಿನ್ನ ಬಸ್ ಹೋಗುತ್ತೆ.”

ಅವಳು ಹೋದ ಮೇಲೆ ಕನ್ನಡಿ ನೋಡಿಕೊಂಡೆ. ವಾರೆಯೇ. ಮಾರ್ಚಿಗೆ ಎತ್ತಿದ ತೋಳಾಗಿದ್ದರೆ ನಟ್ಟನಡುವೆ ಕೂರಿಸುತ್ತಿತ್ತೋ ಏನೋ. ಕುಣಿತಕ್ಕೆ ಎದ್ದ ತೋಳಿನಿಂದ ಅಷ್ಟೊಂದು ಡಿಸಿಪ್ಲಿನ್ ಕೇಳುವುದು ಅನ್ಯಾಯ.